ಉಂಡರೂ ಪಾಯಿಂಟು, ಮಲಗಿದರೂ ಪಾಯಿಂಟು: ಬುಟಿಬೋರಿಯ ಕನ್ನಡ ಬಳಗಕ್ಕೊಂದು ಬಹಿರಂಗ ಪತ್ರ

ನಾಗಪುರದ ಹತ್ತಿರದ ಬುಟಿಬೋರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲೂ ಸುತ್ತಲ ಕಾಲೊನಿಗಳಲ್ಲೂ ಇರುವ ನಮ್ಮ ಕನ್ನಡ ಬಳಗದ ಹಿರಿಯರಿಗೆ, ಅಕ್ಕಂದಿರಿಗೆ, ಗೆಳೆಯರಿಗೆ,

ಕಳೆದ ಭಾನುವಾರದ ಊಟದಲ್ಲಿ ವರ್ಷಾಂತ್ಯದ ಗೋವಾ ಪ್ರವಾಸದ ಮಾತು ಬಂತು. ಹೋಗಬಾರದೆಂದು ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ರೊಟ್ಟಿ ಮುಗಿದು ಮೊಸರನ್ನ ಬರುವಷ್ಟರಲ್ಲಿ ಇನ್ನೊಂದು ತೀರ್ಮಾನವೂ ಆಗಿಹೋಗಿತ್ತು. ಎಲ್ಲ ಮನೆಗಳ ದುಡ್ಡನ್ನೂ ಒಟ್ಟುಗೂಡಿಸಿ, ಒಬ್ಬರ ಹೆಸರಿನ ಕ್ಯಾಸಿನೊ ಮೆಂಬರ್‌ಶಿಪ್ ಕಾರ್ಡಿನ ಮೇಲೆ ರೂಮು, ಊಟ, ಕ್ಯಾಸಿನೊ ಹಡಗಿನ ಟಿಕೆಟು ಎಲ್ಲವನ್ನೂ ಬುಕ್ ಮಾಡುವುದು; ಖರ್ಚೆಲ್ಲ ಒಂದೇ ಕಡೆ ಬಿದ್ದರೆ ಆ ಕಾರ್ಡು ಮೇಲಿನ ದರ್ಜೆಗೆ ಏರುತ್ತದೆ; ಮುಂದಿನ ವರ್ಷದಿಂದ ಬಳಗಕ್ಕೆಲ್ಲ ಬಿಟ್ಟಿ ರೂಮು. ಪ್ರವಾಸದ ಏಜೆಂಟ್ ಹೇಳಿದ್ದನ್ನು ನಮ್ಮ ಬಳಗದ ಹುಡುಗನೊಬ್ಬ ಹಾಗೇ ಒಪ್ಪಿಸಿದ: "ಆಡೋದೇ ಬೇಡ ಸಾರ್. ಉಂಡರೂ ಪಾಯಿಂಟು, ಮಲಗಿದರೂ ಪಾಯಿಂಟು." ಎಲ್ಲರೂ ನಕ್ಕರು. ಕಾರ್ಡು ಯಾರ ಹೆಸರಲ್ಲಿ ಎಂಬ ಪ್ರಶ್ನೆಗೆ ಆ ಹುಡುಗನೇ ಕೈ ಎತ್ತಿದ. ಮದುವೆಯಾಗಿಲ್ಲ, ಶಿಫ್ಟ್ ಸೂಪರ್‌ವೈಸರ್, ಓಡಾಡುವ ವಯಸ್ಸು. ಪಂಕ್ತಿಯಲ್ಲಿ ಕೂತು ಲೆಕ್ಕ ಮಾತಾಡಿದರೆ ಯಾರ ಕಿವಿಗೂ ಬೀಳುವುದಿಲ್ಲ, ಅದಕ್ಕೇ ಈ ಪತ್ರ.

ಏಜೆಂಟರಿಗೆ ಫೋನ್ ಮಾಡಿ ನಿಯಮಗಳ ಪ್ರತಿ ಕೇಳಿದೆ. ವಾಟ್ಸ್ಯಾಪ್‌ನಲ್ಲಿ ಬಂಗಾರದ ಬಣ್ಣದ ಒಂದು ಚಿತ್ರ ಬಂತು, ನಿಯಮ ಬರಲಿಲ್ಲ. ಹಾಗಾಗಿ ನಿಯಮಗಳನ್ನು ಬರೆದು ಪ್ರಕಟಿಸುವ ಊರಿಗೇ ಹೋಗಿ ನೋಡೋಣ. ಆಡದೆಯೂ ದರ್ಜೆ ಗಳಿಸುವ ಈ ವಿದ್ಯೆ ಬೆಳೆದದ್ದು ಲಾಸ್ ವೇಗಸ್‌ನಲ್ಲಿ.

ಅಲ್ಲಿನ ಸೀಸರ್ಸ್ ಸಂಸ್ಥೆಯ ಕಾರ್ಡನ್ನೇ ತೆಗೆದುಕೊಳ್ಳಿ. ರೂಮಿಗೋ ಊಟಕ್ಕೋ 1 ಡಾಲರ್ ಕೊಟ್ಟರೆ ದರ್ಜೆಯ ಲೆಕ್ಕಕ್ಕೆ 1 ಅಂಕ. ಸ್ಲಾಟ್ ಯಂತ್ರದಲ್ಲಾದರೆ 5 ಡಾಲರ್ ಆಡಿದ್ದಕ್ಕೆ 1 ಅಂಕ. ಪ್ಲಾಟಿನಮ್‌ಗೆ 5,000 ಅಂಕ, ಡೈಮಂಡ್‌ಗೆ 15,000. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಗಳಿಸಬೇಕು, ಹೊಸ ವರ್ಷಕ್ಕೆ ಮತ್ತೆ ಸೊನ್ನೆಯಿಂದ. ಅಂದರೆ ಒಂದು ಪೈಸೆಯೂ ಆಡದವನು ಡೈಮಂಡ್ ಆಗಲು ಒಂದು ವರ್ಷದಲ್ಲಿ 15,000 ಡಾಲರ್ ಉಣ್ಣಬೇಕು, ಮಲಗಬೇಕು. ನಮ್ಮ ದುಡ್ಡಿನಲ್ಲಿ ₹13 ಲಕ್ಷಕ್ಕೂ ಹೆಚ್ಚು. ಯಂತ್ರದ ದಾರಿ ಹಿಡಿದವನು 75,000 ಡಾಲರ್ ಆಡಬೇಕು. ಈ 75,000 ಕೈಯಿಂದ ಹೋದ ದುಡ್ಡಲ್ಲ, ವಹಿವಾಟು. ಗೆದ್ದದ್ದನ್ನೇ ಮತ್ತೆ ಮತ್ತೆ ಹಾಕಿದ್ದೂ ಅದರಲ್ಲಿ ಸೇರುತ್ತದೆ. ಯಂತ್ರ ನೂರಕ್ಕೆ 8 ಉಳಿಸಿಕೊಳ್ಳುತ್ತದೆಂದು ಹಿಡಿದರೆ ಅವನು ಸರಾಸರಿ ಕಳೆದುಕೊಳ್ಳುವುದು 6,000 ಡಾಲರ್. ಆಡದವನ ಖರ್ಚೇ ಜಾಸ್ತಿಯಾಯಿತಲ್ಲ ಎನ್ನಬೇಡಿ. ಅವನು ಉಂಡಿದ್ದಾನೆ, ಎಸಿ ರೂಮಿನಲ್ಲಿ ಮಲಗಿದ್ದಾನೆ. ಇವನ ಬಳಿ ಉಳಿದದ್ದು ಆಡಿದ ನೆನಪು ಮಾತ್ರ.

ಈ ದಾರಿಯಲ್ಲಿ ದರ್ಜೆ ಗಳಿಸುವವರು ನಿಜಕ್ಕೂ ಇದ್ದಾರೆ, ಅವರನ್ನು ದಡ್ಡರೆನ್ನಲು ನಾನು ತಯಾರಿಲ್ಲ. ಪ್ರತಿ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳ ನಡೆಯುತ್ತದೆ. ಬೆಂಗಳೂರಿನಿಂದ, ಸ್ಯಾನ್ ಹೋಸೆಯಿಂದ ಹೋಗುವ ನಮ್ಮ ಎಂಜಿನಿಯರುಗಳ ರೂಮಿನ ಬಿಲ್ಲು ಕಟ್ಟುವುದು ಕಂಪನಿ, ಅಂಕ ಬೀಳುವುದು ಅವರ ಹೆಸರಿಗೆ. ಕೆಲವರು ದರ್ಜೆಯನ್ನು ಹೋಟೆಲಿನ ಕಡೆಯಿಂದಲೇ ತರುತ್ತಾರೆ. 2017ರಲ್ಲಿ ಸೀಸರ್ಸ್ ಮತ್ತು ವಿಂಡ್‌ಹ್ಯಾಮ್ ಹೋಟೆಲ್ ಸಮೂಹ ಕೈಜೋಡಿಸಿದಾಗ ಒಂದರ ದರ್ಜೆಯನ್ನು ಇನ್ನೊಂದು ಮಾನ್ಯ ಮಾಡುವ ಏರ್ಪಾಡು ಬಂತು. ಹೇಗೂ ಆಗುವ ಖರ್ಚು, ಹೇಗೂ ಉಣ್ಣುವ ಊಟ, ಜೊತೆಗೊಂದು ಕಾರ್ಡು ಬಂದರೆ ಬರಲಿ. ರಿಸಾರ್ಟ್ ಫೀ ಎಂದು ಅಲ್ಲಿ ದಿನದಿನವೂ ಎಳೆಯುವ ಹೆಚ್ಚುವರಿ ದುಡ್ಡು ಡೈಮಂಡ್‌ನವರಿಗೆ ಮನ್ನಾ. ಚೆಕ್‌ಇನ್‌ನ ಉದ್ದ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಲಾಭವೇ.

ಕ್ಯಾಸಿನೊ ಇದನ್ನೆಲ್ಲ ಯಾಕೆ ಕೊಡುತ್ತದೆ? ಲಾಸ್ ವೇಗಸ್‌ನ ದೊಡ್ಡ ಹೋಟೆಲುಗಳ ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕೆಳಗಿಳಿದು ಎರಡು ದಶಕಗಳ ಮೇಲಾಯಿತು. ರೂಮು, ಊಟ, ಸಂಗೀತದ ಟಿಕೆಟು ಇವೇ ಅಲ್ಲೀಗ ದೊಡ್ಡ ವ್ಯಾಪಾರ. ದುಡ್ಡು ಕೊಡುವ ಗಿರಾಕಿಗೆ ಅಂಕ ಕೊಡದೆ ಇನ್ನೇನು ಮಾಡುತ್ತಾರೆ?

ಇನ್ನು ಏಜೆಂಟ್ ಹೇಳದ ಸಂಗತಿ. ಕ್ಯಾಸಿನೊದ ಬಳಿ ನಿಮ್ಮ ಹೆಸರಿಗೆ ಖಾತೆ ಒಂದಲ್ಲ, ಎರಡು.

ಮೊದಲನೆಯದು ದರ್ಜೆಯ ಖಾತೆ. ಅದರಲ್ಲಿ ನಿಮ್ಮ ಊಟವೂ ಸೇರುತ್ತದೆ, ನಿದ್ದೆಯೂ ಸೇರುತ್ತದೆ. ಕಾರ್ಡಿನ ಬಣ್ಣವನ್ನು ತೀರ್ಮಾನಿಸುವುದು ಇದೇ. ಎರಡನೆಯದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಟೇಬಲ್ಲಿನ ಹಿಂದೆ ಕೋಟು ಹಾಕಿಕೊಂಡು ನಿಂತಿರುವ ಸೂಪರ್‌ವೈಸರ್ ನೀವು ಒಂದು ಕೈಗೆ ಸರಾಸರಿ ಎಷ್ಟು ಹಾಕಿದಿರಿ, ಎಷ್ಟು ಹೊತ್ತು ಕೂತಿರಿ ಎಂದು ಗುರುತು ಹಾಕಿಕೊಳ್ಳುತ್ತಾನೆ. ಗಂಟೆಗೆ ಎಷ್ಟು ಕೈ ಬೀಳುತ್ತದೆ, ಆ ಆಟದಲ್ಲಿ ಕ್ಯಾಸಿನೊಗೆ ಉಳಿಯುವ ಪಾಲು ಎಷ್ಟು ಎಂಬುದು ಅವರಿಗೆ ಗೊತ್ತೇ ಇದೆ. ಇವನ್ನೆಲ್ಲ ಗುಣಿಸಿದರೆ ನೀವು ಸರಾಸರಿ ಎಷ್ಟು ಸೋಲಬೇಕಾದವರು ಎಂಬ ಅಂಕಿ ಸಿಗುತ್ತದೆ. ಆ ರಾತ್ರಿ ನೀವು ಗೆದ್ದೇ ಹೋಗಿರಬಹುದು, ಲೆಕ್ಕ ಬದಲಾಗುವುದಿಲ್ಲ. ಬಿಟ್ಟಿ ರೂಮು, ಬಿಟ್ಟಿ ವಿಮಾನ, "ಸಾರ್, ಈ ಶನಿವಾರ ನಿಮಗಾಗಿ ಸ್ವೀಟ್ ರೂಮು ಇಟ್ಟಿದ್ದೇವೆ" ಎಂಬ ಫೋನು, ಇವೆಲ್ಲ ಬಹುಮಟ್ಟಿಗೆ ಈ ಎರಡನೆಯ ಖಾತೆ ನೋಡಿಯೇ ಬರುವಂಥವು; ನೀವು ಸೋಲಬೇಕಾದ ದುಡ್ಡಿನಲ್ಲೇ ಒಂದು ಪಾಲನ್ನು ನಿಮಗೆ ವಾಪಸು ಕೊಡುವುದು.

ನಮ್ಮ ಯೋಜನೆಯನ್ನು ಈಗ ಇದಕ್ಕೆ ಹೊಂದಿಸಿ ನೋಡಿ. ಬಳಗದ ದುಡ್ಡೆಲ್ಲ ಹುಡುಗನ ಕಾರ್ಡಿನ ಮೇಲೆ ಬೀಳುತ್ತದೆ. ದರ್ಜೆ ಏರುತ್ತದೆ, ಕಾರ್ಡಿನ ಬಣ್ಣ ಬದಲಾಗುತ್ತದೆ. ಎರಡನೆಯ ಖಾತೆಯಲ್ಲಿ ಮಾತ್ರ ಸೊನ್ನೆ. ಮುಂದಿನ ವರ್ಷ ಹನ್ನೆರಡು ಮನೆಗಳಿಗೆ ಬಿಟ್ಟಿ ರೂಮು ಕೇಳಿದರೆ ಅವರು ನಗುನಗುತ್ತಲೇ ಹೇಳುತ್ತಾರೆ: ಕೊಡೋಣ ಸಾರ್, ಸ್ವಲ್ಪ ಪ್ಲೇ ತೋರಿಸಿ. ಬಳಗಕ್ಕೆ ಮಾತು ಕೊಟ್ಟು, ಮೇಲಿನ ದರ್ಜೆಯ ಕಾರ್ಡು ಜೇಬಿನಲ್ಲಿಟ್ಟುಕೊಂಡು, ಕೌಂಟರಿನ ಮುಂದೆ ನಿಂತಿರುವ ಹುಡುಗ ಆಗ ಏನು ಮಾಡಬೇಕು? ಆಡದವನಿಗೆ ದರ್ಜೆ ಕೊಡುವುದರಿಂದ ಕ್ಯಾಸಿನೊಗೆ ಆಗುವ ನಷ್ಟ ಬಹಳ ಕಡಿಮೆ. ಆ ದರ್ಜೆ ನಿಜಕ್ಕೂ ಕೆಲಸಕ್ಕೆ ಬರಬೇಕೆಂದರೆ ಆಡಲೇಬೇಕು ಎಂಬ ಜಾಗಕ್ಕೆ ಅವನನ್ನು ತಂದು ನಿಲ್ಲಿಸಿದರೆ ಅವರ ಕೆಲಸ ಮುಗಿಯಿತು.

ಈ ಬಗೆಯ ಸ್ಕೀಮು ನಮಗೇನು ಹೊಸದೇ? ನಮ್ಮಲ್ಲಿ ಅರ್ಧ ಜನ ಡೀಲರ್ ಟೂರ್ ನೋಡಿದವರು. ಇಷ್ಟು ಟನ್ ಎತ್ತಿದರೆ ಬ್ಯಾಂಕಾಕ್, ಅಷ್ಟು ಎತ್ತಿದರೆ ದುಬೈ. ಮಾರ್ಚ್ ಕೊನೆಯ ವಾರದಲ್ಲಿ ಗೋಡೌನಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೂ ಸ್ಲ್ಯಾಬಿಗೆ ಎರಡು ಲೋಡು ಕಮ್ಮಿಯೆಂದು ಉದ್ರಿಯಲ್ಲಾದರೂ ಮಾಲು ಇಳಿಸಿಕೊಳ್ಳುತ್ತಾರೆ, ಏಪ್ರಿಲ್ ತುಂಬ ಅದನ್ನು ಕೊಂಡ ಬೆಲೆಗಿಂತ ಕಮ್ಮಿಗೆ ಮಾರುತ್ತಾ ಕೂರುತ್ತಾರೆ. ಅವರ ಲೆಕ್ಕದ ಪುಸ್ತಕಗಳನ್ನು ಬರೆಯುವವನು ನಾನು. ಟೂರಿನ ಫೋಟೊಗಳು ಅಂಗಡಿಯ ಗೋಡೆಯ ಮೇಲಿರುತ್ತವೆ, ನಷ್ಟ ನನ್ನ ಲೆಡ್ಜರಿನಲ್ಲಿರುತ್ತದೆ. 2022ರ ಜುಲೈ 1ರಿಂದಂತೂ ವ್ಯಾಪಾರದಲ್ಲಿ ಸಿಗುವ ಇಂಥ ಸವಲತ್ತು ವರ್ಷಕ್ಕೆ ₹20,000 ದಾಟಿದರೆ ಅದರ ಮೇಲೂ ನೂರಕ್ಕೆ 10 ಟಿಡಿಎಸ್ ಇದೆ. ಟೂರಿಗೆ ಹೋಗಿಬಂದ ಮೇಲೆ ಅದನ್ನು ಕೇಳಿ ನನ್ನ ಮೇಲೆ ರೇಗಿದವರು ಈ ಬಳಗದಲ್ಲೇ ಇದ್ದಾರೆ. ಡಿಸೆಂಬರ್ 31ರ ಗಡುವಿಟ್ಟುಕೊಂಡ ಕಾರ್ಡು ಡಿಸೆಂಬರ್ 28ಕ್ಕೆ ಸ್ವಲ್ಪ ಕಮ್ಮಿಬಿದ್ದರೆ ಏನಾಗುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಗೋವಾದ ಮಾತಿಗೆ ಬರೋಣ. ಲಾಸ್ ವೇಗಸ್‌ನಲ್ಲಿ ರೂಮಿನ ಬಿಲ್ಲೇ ಬೇರೆ, ಜೂಜಿನ ಬಿಲ್ಲೇ ಬೇರೆ. ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಹಾಗಿಲ್ಲ. ಪಣಜಿಯ ಜೆಟ್ಟಿಯ ಕೌಂಟರಿನಲ್ಲಿ ಟಿಕೆಟ್ ಎಂದು ಕೊಡುವುದು ಒಂದು ಪ್ಯಾಕೇಜು. ಅದರಲ್ಲಿ ಬಫೆ, ಕುಡಿಯಲು ಬೇಕಾದದ್ದು, ವೇದಿಕೆಯ ಮೇಲಿನ ಕುಣಿತ, ಜೊತೆಗೆ ಸಾಮಾನ್ಯವಾಗಿ ಒಂದಿಷ್ಟು ಓಟಿಪಿ ಚಿಪ್ಪು. ಬ್ಯಾಂಕಿನ ಓಟಿಪಿ ಅಲ್ಲ, ವನ್ ಟೈಮ್ ಪ್ಲೇ. ಈ ಚಿಪ್ಪನ್ನು ಕೊಟ್ಟು ನಗದು ಪಡೆಯಲಾಗುವುದಿಲ್ಲ, ಮೇಜಿನ ಮೇಲೆ ಒಂದು ಸಲ ಇಡಬಹುದು ಅಷ್ಟೆ. ಸೋತರೆ ಹೋಯಿತು. ಗೆದ್ದರೆ ಅಷ್ಟೇ ಬೆಲೆಯ ನಿಜವಾದ ಚಿಪ್ಪು ಕೊಟ್ಟು, ಓಟಿಪಿಯನ್ನು ಡೀಲರ್ ಎಳೆದುಕೊಳ್ಳುತ್ತಾಳೆ. ಸಮಸಮ ಪಂದ್ಯದಲ್ಲಿ ಇಟ್ಟರೆ ₹1,500ರ ಓಟಿಪಿಯ ನಿಜವಾದ ಬೆಲೆ ₹750ಕ್ಕೂ ಸ್ವಲ್ಪ ಕಡಿಮೆ. ಬೆಲೆ ಹಾಗಿರಲಿ, ಅದು ಮಾಡುವ ಕೆಲಸ ನೋಡಿ. ನಾನು ಬರೀ ಊಟಕ್ಕೆ ಬಂದೆ ಎನ್ನುವವನ ಕೈಯಲ್ಲೂ ಚಿಪ್ಪು ಇರುತ್ತದೆ. ಬಿಸಾಡಲು ಮನಸ್ಸಾಗುತ್ತದೆಯೇ? ಅಂದರ್ ಬಾಹರ್ ಮೇಜಿನ ಹತ್ತಿರ ಹೋಗುತ್ತಾನೆ. ನಮ್ಮ ಕಡೆ ಯುಗಾದಿಯ ಮರುದಿನ, ಹೊಸತೊಡಕಿಗೆ, ಜಗಲಿಯ ಮೇಲೆ ಆಡುವ ಅದೇ ಆಟ. ಗೊತ್ತಿರುವ ಆಟ ಎಂಬ ಧೈರ್ಯ. ಒಂದು ಸಲ ಗೆದ್ದನೆಂದರೆ ಕೈಗೆ ಬರುವುದು ನಿಜವಾದ ಚಿಪ್ಪು, ಕ್ಯಾಶ್ ಕೌಂಟರ್ ಇರುವುದು ಆಚೆ ಕಡೆ, ಮೇಜು ಇರುವುದು ಇಲ್ಲೇ.

ತೆರಿಗೆಯೂ ಇದನ್ನೇ ಹೇಳುತ್ತದೆ, ನನ್ನ ಕಸುಬಿನವನಿಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ₹7,500ರೊಳಗಿನ ಹೋಟೆಲ್ ರೂಮಿಗೆ ಜಿಎಸ್‌ಟಿ ನೂರಕ್ಕೆ 5. ಅದೇ ದಿನದಿಂದ ಕ್ಯಾಸಿನೊ ಪ್ರವೇಶಕ್ಕೂ ಜೂಜಿಗೂ 28 ಇದ್ದದ್ದು 40 ಆಗಿದೆ. ಒಳಗೆ ನೀವು ಆಡಿದಿರೋ, ಮೂಲೆಯಲ್ಲಿ ಕೂತು ಗುಲಾಬ್ ಜಾಮೂನು ತಿಂದಿರೋ, ಗೇಟಿನಲ್ಲಿ ನಿಂತ ತೆರಿಗೆ ಕೇಳುವುದಿಲ್ಲ. ಆಡದೆ ಅಂಕ ಗಳಿಸುತ್ತೇವೆ ಎಂದು ಹೊರಟವರು ಜೂಜಿನ ದರದ ತೆರಿಗೆ ಕಟ್ಟಿಯೇ ಒಳಗೆ ಕಾಲಿಡುತ್ತಾರೆ. ಅದೂ ಎಂಥ ಜಾಗಕ್ಕೆ? 2020ರ ಫೆಬ್ರವರಿ 1ರಿಂದ ಗೋವಾ ಸರಕಾರ ತನ್ನದೇ ಜನ ಕ್ಯಾಸಿನೊದಲ್ಲಿ ಆಡದ ಹಾಗೆ ನಿರ್ಬಂಧ ಹಾಕಿತು. ಮನೆಯವರು ತಿನ್ನಬಾರದ ಅಡುಗೆಯನ್ನು ನೆಂಟರಿಗೆ ಬಡಿಸುತ್ತಿದ್ದಾರೆ, ನಾವು ಆ ನೆಂಟರು.

ನಾವೀಗ ಇರುವ ರಾಜ್ಯದ್ದೂ ಒಂದು ಕಥೆಯಿದೆ. ಗೋವಾದ ಜೂಜು ಕಾಯ್ದೆ ಬಂದದ್ದು 1976ರಲ್ಲಿ. 1992ರ ತಿದ್ದುಪಡಿ ಕ್ಯಾಸಿನೊಗಳಿಗೆ ಬಾಗಿಲು ತೆಗೆಯಿತು. ಅದೇ 1976ರಲ್ಲಿ ಮಹಾರಾಷ್ಟ್ರವೂ ಕ್ಯಾಸಿನೊಗಳಿಗೆ ಪರವಾನಗಿ ಕೊಟ್ಟು ತೆರಿಗೆ ಹಾಕುವ ಕಾಯ್ದೆ ಮಾಡಿತ್ತು. ಅದು ಜಾರಿಗೇ ಬರಲಿಲ್ಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಪುಸ್ತಕದಲ್ಲಿ ಮಲಗಿದ್ದು, 2023ರಲ್ಲಿ ರದ್ದಾಯಿತು. ಹಾಗೆಂದು ನಾಗಪುರದ ಸೀಮೆಯಲ್ಲಿ ಜೂಜಿಲ್ಲ ಎಂದಲ್ಲ. ಅದೇ 2023ರ ಜುಲೈನಲ್ಲಿ ನಾಗಪುರದ ವ್ಯಾಪಾರಿಯೊಬ್ಬರು ಆನ್‌ಲೈನ್ ಜೂಜಿನಲ್ಲಿ ₹58 ಕೋಟಿ ಕಳೆದುಕೊಂಡೆ ಎಂದು ಪೊಲೀಸರಿಗೆ ದೂರು ಕೊಟ್ಟದ್ದು, ಗೊಂದಿಯಾದಲ್ಲಿ ಶೋಧ ನಡೆದು ರಾಶಿ ನೋಟು, ಚಿನ್ನ, ಬೆಳ್ಳಿ ಸಿಕ್ಕಿದ್ದು ನಿಮಗೆಲ್ಲ ನೆನಪಿರಬೇಕು. ವಾರಗಟ್ಟಲೆ ನಮ್ಮ ಚಹಾ ಟಪರಿಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಕಾರ್ಡಿನ ವಿಷಯಕ್ಕೆ ನಮ್ಮ ಕನ್ನಡನಾಡಿನದೇ ಒಂದು ಸುದ್ದಿ ಹೇಳುತ್ತೇನೆ. 2025ರ ಆಗಸ್ಟ್‌ನಲ್ಲಿ ಅಕ್ರಮ ಬೆಟ್ಟಿಂಗ್ ಆರೋಪದ ಮೇಲೆ ಚಿತ್ರದುರ್ಗದ ಶಾಸಕರೊಬ್ಬರನ್ನು ಇ.ಡಿ. ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿತು. ಆರೋಪ ಆರೋಪವೇ, ತೀರ್ಪು ಕೊಡುವುದು ಕೋರ್ಟು. ಇ.ಡಿ. ಹೊರಡಿಸಿದ ಪ್ರಕಟಣೆಯಲ್ಲಿ ನನ್ನ ಕಣ್ಣು ನಿಂತದ್ದು ನೋಟು, ಬಂಗಾರ, ಕಾರುಗಳ ಮೇಲಲ್ಲ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಎಂಜಿಎಂ, ಬೆಲಾಜಿಯೊ ಮುಂತಾದ ಕ್ಯಾಸಿನೊಗಳ ಸದಸ್ಯತ್ವ ಕಾರ್ಡುಗಳೂ, ತಾಜ್, ಹಯಾತ್, ಲೀಲಾ ಹೋಟೆಲುಗಳ ಕಾರ್ಡುಗಳೂ ಅಕ್ಕಪಕ್ಕ ಇದ್ದವು. ತನಿಖೆ ಮಾಡುವವರು ನಾಳೆ ಯಾರದೋ ವ್ಯವಹಾರ ಹುಡುಕುತ್ತಾ ಬಂದರೆ, ಈ ಕಾರ್ಡಿನ ದರ್ಜೆ ಊಟದಿಂದ ಬಂದದ್ದೋ ಆಟದಿಂದ ಬಂದದ್ದೋ ಎಂದು ಕಾರ್ಡು ನೋಡಿ ಹೇಳಲಾಗದು. ನಮ್ಮ ಹುಡುಗನ ಸಂಬಳ ತಿಂಗಳಿಗೆ ಎಷ್ಟೆಂದು ನಮಗೆಲ್ಲ ಗೊತ್ತು. ಒಂದೇ ವಾರದಲ್ಲಿ ಹನ್ನೆರಡು ಮನೆಗಳ ಖರ್ಚು ಅವನ ಖಾತೆಯಿಂದ ಕ್ಯಾಸಿನೊಗೆ ಹೋದದ್ದನ್ನು ನಾಳೆ ಅವನು ಆದಾಯ ತೆರಿಗೆಯವರಿಗೆ ವಿವರಿಸಬೇಕಾಗಿ ಬಂದರೆ, ವಿವರಣೆ ಬರೆದುಕೊಡಬೇಕಾದವನು ನಾನು.

ಇನ್ನೊಂದು ಮಾತು, ಇದು ಲೆಕ್ಕದ್ದಲ್ಲ. ಬಿಟ್ಟಿ ಎಂಬುದನ್ನು ಯಾರೋ ಕಟ್ಟಿರುತ್ತಾರೆ. ಗ್ಯಾರಿ ಲವ್‌ಮನ್ ಎಂಬ ಹಾರ್ವರ್ಡ್ ಪ್ರಾಧ್ಯಾಪಕರು 1998ರಲ್ಲಿ ಹ್ಯಾರಾಸ್ ಕ್ಯಾಸಿನೊ ಕಂಪನಿಗೆ ಸೇರಿ, ಕಾರ್ಡುಗಳಿಂದ ಬಂದ ಮಾಹಿತಿಯನ್ನೆಲ್ಲ ಜಾಲಾಡಿದರು. ಅವರೇ 2003ರಲ್ಲಿ ಬರೆದ ಪ್ರಕಾರ, ನೂರಕ್ಕೆ 26 ಗಿರಾಕಿಗಳಿಂದ ನೂರಕ್ಕೆ 82 ಆದಾಯ ಬರುತ್ತಿತ್ತು. ಆ 26 ಮಂದಿ ಯಾರು? ಲಿಮೊಸಿನ್‌ನಲ್ಲಿ ಬರುವ ಶ್ರೀಮಂತರಲ್ಲ. ನಿವೃತ್ತ ಶಿಕ್ಷಕರು, ವೈದ್ಯರು, ಬ್ಯಾಂಕಿನವರು, ಮಷಿನಿಸ್ಟರು. ಕೈಯಲ್ಲಿ ಒಂದಿಷ್ಟು ದುಡ್ಡು, ಒಂದಿಷ್ಟು ಹೊತ್ತು ಇರುವ ನಡುವಯಸ್ಸಿನ, ಇಳಿವಯಸ್ಸಿನ ಜನ. ಲೇತ್ ಮುಂದೆ ಮೂವತ್ತು ವರ್ಷ ನಿಂತು ಈಗ ಪಿಎಫ್ ಕೈಗೆ ಬಂದಿರುವ ನಮ್ಮ ಕಾಕಾಗಳನ್ನು ಒಮ್ಮೆ ನೆನೆಯಿರಿ. ಕ್ಯಾಸಿನೊ ಹುಡುಕುವ ಮುಖ ಅದು. ಹಡಗಿನ ಮಹಡಿಯಲ್ಲಿ ಹೆಂಗಸರಿಗೆ ಬಫೆ, ಕೆಲವು ಹಡಗುಗಳಲ್ಲಿ ಮಕ್ಕಳಿಗೆ ಆಡಲು ಪ್ರತ್ಯೇಕ ಕೋಣೆ ಇರುವುದು ಸುಮ್ಮನೆ ಅಲ್ಲ. ಮನೆಯವರು ಏಳೋಣ ನಡೀರಿ ಎನ್ನುವವರೆಗೂ ಕಾಕಾ ಕೆಳಗಿನ ಮೇಜು ಬಿಟ್ಟು ಏಳುವುದಿಲ್ಲ. ಆಡದವರಾದ ನಾವು ಅಲ್ಲಿ ಪಡೆಯುವ ಮೇಲ್ದರ್ಜೆಯ ಸೇವೆಯ ಬಿಲ್ಲು ಇಂಥ ಒಬ್ಬ ಕಾಕಾನ ಹೆಸರಿನಲ್ಲಿ ಹರಿಯುತ್ತದೆ. ಅದು ತಪ್ಪೆಂದು ನಿಮಗೆ ಅನ್ನಿಸದೆ ಇರಬಹುದು. ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ನಾನು ಮಡಿವಂತನಲ್ಲ. ಹೊಸತೊಡಕಿಗೆ ಎಲೆ ಹಿಡಿದವನೇ, ಊರಿನ ರಿಕ್ರಿಯೇಶನ್ ಕ್ಲಬ್ಬಿನ ಖಾಲಿದೋಸೆಗಾಗಿ ರಮ್ಮಿ ಮೇಜಿನ ಸುತ್ತ ಸುಳಿದವನೇ. ಹಡಗು ಹತ್ತಬೇಕೆನ್ನುವವರು ಹತ್ತಲಿ. 21 ತುಂಬಿದವರು, ತಮ್ಮ ತಮ್ಮ ದುಡ್ಡಿನಲ್ಲಿ, ತಮ್ಮ ತಮ್ಮ ಹೆಸರಿನಲ್ಲಿ. ನನ್ನ ತಕರಾರು ಬಳಗದ ದುಡ್ಡನ್ನು ಒಬ್ಬ ಹುಡುಗನ ಹೆಸರಿಗೆ ಸುರಿಯುವುದರ ಬಗ್ಗೆ ಮಾತ್ರ. ನಾಳೆ ಫೋನು ಬರುವುದು ಬಳಗಕ್ಕಲ್ಲ, ಅವನೊಬ್ಬನಿಗೆ. ಶನಿವಾರ ರಾತ್ರಿ ಶಿಫ್ಟ್ ಮುಗಿಸಿ ರೂಮಿಗೆ ಬಂದು ಒಬ್ಬನೇ ಕೂತಿರುವಾಗ "ಸಾರ್" ಎನ್ನುವ ದನಿ. ಅವನಿಗೆ ಇಲ್ಲಿ ಯಾರು ಸಾರ್ ಎನ್ನುತ್ತಾರೆ ಹೇಳಿ.

ಆದ್ದರಿಂದ ಬರುವ ಭಾನುವಾರ ಈ ವಿಷಯವನ್ನು ಮತ್ತೆ ಎತ್ತಿಕೊಳ್ಳಬೇಕೆಂದು ಕೇಳುತ್ತೇನೆ, ಊಟಕ್ಕೆ ಕೂರುವ ಮೊದಲು. ನನ್ನ ಸಲಹೆ ಇಷ್ಟು: ಮಡಗಾಂವ್‌ನಲ್ಲೋ ಪಣಜಿಯಲ್ಲೋ ಕ್ಯಾಸಿನೊಗೆ ಸಂಬಂಧವಿಲ್ಲದ ಸಾದಾ ಹೋಟೆಲು ನೋಡುವುದು, ಪ್ರತಿ ಮನೆಯವರೂ ತಮ್ಮ ರೂಮಿನ ದುಡ್ಡನ್ನು ನೇರವಾಗಿ ಹೋಟೆಲಿಗೆ ಕಟ್ಟುವುದು, ಹಡಗಿನ ಟಿಕೆಟನ್ನು ಬಳಗದ ಖರ್ಚಿನಲ್ಲಿ ಸೇರಿಸದಿರುವುದು. ಹೋಟೆಲುಗಳ ದರ ವಿಚಾರಿಸುವ ಕೆಲಸ ನಾನು ಮಾಡುತ್ತೇನೆ. ಏಜೆಂಟರಿಗೆ ಈಗಾಗಲೇ ಮುಂಗಡ ಕೊಟ್ಟವರು ರಸೀದಿ ತನ್ನಿ. ರಸೀದಿ ಕೊಟ್ಟಿಲ್ಲ ಎನ್ನುವವರು ಯುಪಿಐ ಸ್ಕ್ರೀನ್‌ಶಾಟ್ ಆದರೂ ಕಳಿಸಿ. ಸೋಮವಾರ ನಾನೇ ಅವರ ಆಫೀಸಿಗೆ ಹೋಗಿ ಮಾತಾಡುತ್ತೇನೆ, ಹುಡುಗನನ್ನೂ ಜೊತೆಗೆ ಕರೆದೊಯ್ಯುತ್ತೇನೆ.

ಇಂತಿ ನಿಮ್ಮವ,
ಬಳಗದ ಲೆಕ್ಕ ಬರೆಯುವವ
ಬುಟಿಬೋರಿ